ದುರ್ಬೀನಿನಲ್ಲಿ ಬಂದ ಸೂತಕ

ಕಿವಿಗೆ ಹತ್ತಿ ತುರುಕಿಕೊಂಡವನಿಗೆ ಕಣ್ಣಿನಿಂದ ಕೇಡು ಬಂದರೆ ಯಾರು ತಾನೇ ಏನು ಮಾಡಬೇಕು? ಗುಟ್ಟಹಳ್ಳಿಯ ಗಂಗುಲಪ್ಪ ಆ ದಿನ ಬೆಳಿಗ್ಗೆ ಎರಡು ಕಿವಿಗೂ ಹತ್ತಿಯ ಉಂಡೆ ಒತ್ತಿಕೊಂಡು ಕೋಲಾರದ ವಸ್ತುಪ್ರದರ್ಶನಕ್ಕೆ ಬಂದಿದ್ದ. ಕಿವಿನೋವೇನೂ ಇರಲಿಲ್ಲ. ಮಾರನೆಯ ದಿನ ಮಗಳ ಮದುವೆ. ಅವನ ಬೀದಿಯ ಕೊನೆಯ ಮನೆಯಲ್ಲೇ ಅವನ ದೊಡ್ಡಪ್ಪ ದೊಡ್ಡವೆಂಕಟಪ್ಪ ಈಗಲೋ ಆಗಲೋ ಎಂದು ಮಲಗಿದ್ದ.

ದಾಯಾದಿ ಸತ್ತರೆ ಸೂತಕ. ಸೂತಕ ಬಂದರೆ ಮದುವೆ ನಿಂತಿತು. ಆದರೆ ಸಾವಿನ ಸುದ್ದಿ ತಿಳಿದ ಮೇಲೆ ತಾನೇ ಸೂತಕ ಹತ್ತುವುದು? ಧಾರೆ ಎರೆಯುವವನ ಕಿವಿಗೇ ಸುದ್ದಿ ಬೀಳದಿದ್ದರೆ ಮುದುಕ ಸತ್ತೂ ಸಾಯದ ಹಾಗೆ. ಆದ್ದರಿಂದ ಗಂಗುಲಪ್ಪ ಹೆಂಡತಿ ಮುನಿಗಂಗಮ್ಮನಿಗೆ ಕಟ್ಟಪ್ಪಣೆ ಮಾಡಿದ್ದ: “ಏನೇ ಆದ್ರೂ ನನ್ನ ಹುಡುಕ್ಕೊಂಡು ಆಳು ಕಳಿಸ್ಬೇಡ ಕಣೇ. ಹೋಗೇಬಿಟ್ರೆ ಬಾಗಿಲು ಮುಂದಕ್ಕೆ ಎಳ್ದು, ಮಲಗವ್ರೆ ಅಂತ ಹೇಳು. ಧಾರೆ ಆದ್ಮೇಲೆ ಸಾಯ್ಲಿ.”

ಮುದುಕನನ್ನು ನಂಬುವ ಹಾಗಿರಲಿಲ್ಲ. ಯುಗಾದಿಯಿಂದ ಈಚೆಗೆ ಮೂರು ಸಲ ಅವನನ್ನು ಮಂಚದಿಂದ ನೆಲಕ್ಕಿಳಿಸಿದ್ದರು. ಬಾಯಿಗೆ ನೀರು ಬಿಟ್ಟಾಗಲೆಲ್ಲ ಚಪ್ಪರಿಸಿ, ಇದಕ್ಕೊಂಚೂರು ಬೆಲ್ಲ ಹಾಕ್ರೋ ಎಂದು ಎದ್ದು ಕೂತಿದ್ದ. ನೆಂಟರು ಸಿದ್ಧಮಾಡಿಟ್ಟುಕೊಂಡಿದ್ದ ಅಳುವನ್ನು ಹಾಗೆಯೇ ಮಡಚಿಕೊಂಡು ಮನೆಗೆ ಹೋಗಿದ್ದರು.

ಅಂತರಗಂಗೆ ಬೆಟ್ಟದ ಬುಡದ ದಿಣ್ಣೆಯ ಮೇಲೆ ಪ್ರದರ್ಶನ. ರೇಷ್ಮೆ ಬಿಚ್ಚುವ ಹೊಸ ಯಂತ್ರ, ಸಾಬೂನು, ಹಲ್ಲುಪುಡಿ, ಊದಿನಕಡ್ಡಿ ಎಲ್ಲವೂ ಇದ್ದವು. ಜನ ಮಾತ್ರ ಮದರಾಸಿನಿಂದ ಬಂದ ಮೊದಲಿಯಾರನ ದುರ್ಬೀನಿನ ಮಳಿಗೆಗೆ ಬೆಲ್ಲಕ್ಕೆ ನೊಣದಂತೆ ಮುತ್ತಿದ್ದರು. ಕುದುರೆ ಜೂಜಿಗೆ ಒಂದು, ಶಿಕಾರಿಗೆ ಒಂದು, ನಾಟಕದ ನಟಿಯ ಮೂಗುತಿ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ಕೈಹಿಡಿಯಿರುವ ಪುಟಾಣಿ ಒಂದು. ಜೋಡಿಗಣ್ಣಿನ ದುರ್ಬೀನುಗಳು ಮಖಮಲ್ಲಿನ ಮೇಲೆ ಮದುವೆಯ ಗಂಡುಗಳಂತೆ ಸಾಲಾಗಿ ಕೂತಿದ್ದವು. ಅವಕ್ಕೆಲ್ಲ ಹಿರೀಕನಂತೆ, ಮೂರು ಕಾಲಿನ ಮೇಲೆ, ಒಂಟಿಗಣ್ಣಿನ ಉದ್ದನೆಯ ಹಿತ್ತಾಳೆಯ ಕೊಳವೆ.

“ದೂರ ಇರೋದು ಎಲ್ಲಾ ಪಕ್ಕ ಬರುಂ ಸಾರ್. ಕಾಸು ಕೊಡವೇಂಡಾಂ, ಕಣ್ಣು ಮಾತ್ರ ಕೊಡುಂಗೋ ಸಾರ್,” ಎಂದು ಮೊದಲಿಯಾರ ರಾಗ ಎಳೆಯುತ್ತಿದ್ದ. ಗಂಗುಲಪ್ಪನಿಗೆ ಇದು ಕೇಳಿಸಲಿಲ್ಲ. ಕೇಳಿಸದವನನ್ನು ಒಪ್ಪಿದವನೆಂದೇ ತಿಳಿದು ಮೊದಲಿಯಾರ ಅವನ ಕತ್ತು ಬಗ್ಗಿಸಿ ಕೊಳವೆಗೆ ಕಣ್ಣು ಒತ್ತಿದ.

ಮೊದಲು ಕೆರೆ ಕಂಡಿತು. ಆಮೇಲೆ ಏರಿ, ಏರಿಯಾಚೆ ಹುಣಿಸೆ ತೋಪು. ಮೊದಲಿಯಾರ ಏನನ್ನೋ ತಿರುಗಿಸಿದ. ಎರಡು ಮೈಲಿಯಾಚೆಯ ಗುಟ್ಟಹಳ್ಳಿ ಎದ್ದು ಬಂದು ಗಂಗುಲಪ್ಪನ ಮೂಗಿನ ಮುಂದೆ ನಿಂತಿತು.

ದೊಡ್ಡಪ್ಪನ ಮನೆಯ ಮುಂದೆ ಜನವೋ ಜನ. ಇಬ್ಬರು ಹಸಿ ಬಿದಿರು ಕಡಿದು ಕಟ್ಟುತ್ತಿದ್ದಾರೆ. ಪಕ್ಕದಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದಾರೆ. ಅವರ ಕಡೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸುವುದು ವಾಡಿಕೆ. ಜಗಲಿಯ ಮೇಲೆ ಮುದುಕ ಗೋಡೆಗೆ ಒರಗಿ ಕೂತಿದ್ದಾನೆ. ಕೊರಳಲ್ಲಿ ಹಾರ, ತಲೆಗೆ ಬಿಳಿ ಬಟ್ಟೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿರುವವಳು ಸಾಕ್ಷಾತ್ ಮುನಿಗಂಗಮ್ಮ. ಮೂಕಿ ಸಿನಿಮಾದ ಹಾಗೆ ಎಲ್ಲ ಕಾಣುತ್ತದೆ, ಏನೂ ಕೇಳಿಸದು.

ಇಂಥ ಹೊತ್ತಿನಲ್ಲಿ ಬುದ್ಧಿವಂತ ಬಾಯಿ ಮುಚ್ಚಿಕೊಂಡು ಜಾಗ ಬಿಡುತ್ತಾನೆ. ಗಂಗುಲಪ್ಪ “ಅಯ್ಯೋ ದೊಡ್ಡಪ್ಪಾ” ಎಂದುಬಿಟ್ಟ. ಕಿವಿ ಮುಚ್ಚಿದ್ದರಿಂದ ತನ್ನ ದನಿ ಎಷ್ಟು ದೊಡ್ಡದೆಂದೂ ಅವನಿಗೆ ತಿಳಿಯಲಿಲ್ಲ.

ಸರದಿಯಲ್ಲಿ ಅವನ ಹಿಂದೆಯೇ ನಿಂತಿದ್ದವನು ಕೋದಂಡರಾಮಪ್ಪ: ಗಂಡಿನ ಸೋದರಮಾವ, ಮಾಲೂರಿನವನು, ಮದುವೆಗೆ ಒಂದು ದಿನ ಮುಂಚೆಯೇ ಬಂದು ಊಟದಲ್ಲಿ ತಪ್ಪು ಹುಡುಕುತ್ತಿದ್ದವನು. ಅವನು ಗಂಗುಲಪ್ಪನನ್ನು ಪಕ್ಕಕ್ಕೆ ಸರಿಸಿ ತಾನೂ ನೋಡಿದ. ನೋಡಿ, ಬೀಗನ ಕಿವಿಯ ಹತ್ತಿಯನ್ನು ತನ್ನ ಕೈಯಿಂದಲೇ ಕಿತ್ತು ಹೇಳಿದ: “ಬೀಗರೇ, ನಿಮ್ಗೆ ಸೂತಕ ಬಂತಲ್ಲ. ಸೂತಕದ ಮನೆ ಹೆಣ್ಣನ್ನ ನಾವೆಂಗೆ ಮನೆ ತುಂಬ್ಸಿಕೊಳ್ಳೋದು?”

ಅಲ್ಲಿಂದ ಮುಂದೆ ಮಳಿಗೆ ನ್ಯಾಯಸ್ಥಾನವಾಯಿತು. ಊರಿಗೆ ಸಂಬಂಧವೇ ಇಲ್ಲದವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ನೋಡಿ, ಸತ್ತಿರುವುದು ಖಂಡಿತ ಎಂದು ಸಹಿ ಹಾಕಿದರು. ಕೇಳಿದರೆ ಮಾತ್ರ ಸೂತಕ, ನೋಡಿದರಲ್ಲ ಎಂದ ಒಬ್ಬ. ಕನ್ನಡಿಯೊಳಗಿನ ಹಾವು ಕಚ್ಚುತ್ತದೆಯೇ, ಗಾಜಿನಲ್ಲಿ ಕಂಡ ಹೆಣ ಹೆಣವಲ್ಲ ಎಂದ ಇನ್ನೊಬ್ಬ. ಹಾಗಾದರೆ ಕನ್ನಡಕ ಹಾಕಿದವರಿಗೆ ಜನ್ಮದಲ್ಲಿ ಸೂತಕವೇ ಇಲ್ಲವೇ ಎಂದು ಕೋದಂಡರಾಮಪ್ಪ ಕೇಳಿದ. ಮೊದಲಿಯಾರನೊಬ್ಬನಿಗೆ ಪರಮಾನಂದ, “ಸಾವು ಕೂಡ ಕ್ಲಿಯರಾ ಕಾಣುಂ ಸಾರ್” ಎಂದು ಕೂಗಿ ಇನ್ನಷ್ಟು ಜನ ಸೇರಿಸಿದ.

ಕೊನೆಗೆ ಹಲ್ಲುಪುಡಿಯ ಮಳಿಗೆಯಲ್ಲಿ ಬಿಟ್ಟಿ ಹಲ್ಲುಜ್ಜುತ್ತಿದ್ದ ಜೋಯಿಸರೊಬ್ಬರನ್ನು ಹಿಡಿದು ತಂದರು. ಅವರು ಬಾಯಿ ಮುಕ್ಕಳಿಸಿ, ಕೊಳವೆಯ ಎರಡು ತುದಿಯಿಂದಲೂ ನೋಡಿ, ತೀರ್ಪು ಕೊಟ್ಟರು. “ನೋಡಪ್ಪ, ದೂರದೇಶದ ಸಾವಿಗೆ ಸ್ನಾನಮಾತ್ರದಿಂದ ಶುದ್ಧಿ. ಈ ಕಡೆಯಿಂದ ನೋಡಿದರೆ ನಿಮ್ಮೂರು ಪಕ್ಕದಲ್ಲಿದೆ. ಆ ಕಡೆಯಿಂದ ನೋಡಿದರೆ ಕಾಶಿಗಿಂತ ದೂರ ಇದೆ. ನಾವು ಆ ಕಡೆಯಿಂದಲೇ ನೋಡೋಣ. ಕ್ಷೌರ ಮಾಡಿಸಿ, ಅಂತರಗಂಗೆಯಲ್ಲಿ ಮುಳುಗಿ, ಎಳ್ಳುನೀರು ಬಿಟ್ಟುಬಿಡು. ಸೂತಕ ಇವತ್ತೇ ಕಳೀತು.”

ಮದುವೆ ಉಳಿಯುವುದಾದರೆ ಗಂಗುಲಪ್ಪ ತಲೆಯನ್ನೇ ಕೊಡುತ್ತಿದ್ದ. ಕೂದಲು ಯಾವ ಲೆಕ್ಕ? ಹುಣಿಸೆ ಮರದಡಿಯ ಕ್ಷೌರಿಕ ಮೊದಲು ತಲೆ ಬೋಳಿಸಿದ. ಆಮೇಲೆ, ಬೀಗರ ಮುಂದೆ ತಿರುವಲೆಂದೇ ಎಣ್ಣೆ ಹಾಕಿ ಸಾಕಿದ್ದ ಚೇಳಿನ ಕೊಂಡಿಯಂಥ ಮೀಸೆಯೂ ಹೋಯಿತು. ಅಂತರಗಂಗೆಯ ಕಲ್ಲು ಬಸವನ ಬಾಯಿಂದ ಬೀಳುವ ತಣ್ಣೀರಿಗೆ ತಲೆಯೊಡ್ಡಿ, ನಡುಗುತ್ತ, ದೊಡ್ಡಪ್ಪನ ಹೆಸರು ಹೇಳಿ ಎಳ್ಳುನೀರು ಬಿಟ್ಟ. ಆಗ ನಿಜವಾಗಿಯೂ ಒಂದು ಹನಿ ಕಣ್ಣೀರು ಬಂತು. ಅರ್ಧ ದೊಡ್ಡಪ್ಪನಿಗೆ, ಅರ್ಧ ಮೀಸೆಗೆ.

ಕೋದಂಡರಾಮಪ್ಪನನ್ನೂ ಜೋಯಿಸರನ್ನೂ ಜಟಕಾದಲ್ಲಿ ತುಂಬಿಕೊಂಡು ಊರು ಸೇರಿದಾಗ ಹೊತ್ತು ಇಳಿಯುತ್ತಿತ್ತು. ದೊಡ್ಡಪ್ಪನ ಮನೆಯ ಮುಂದೆ ಜನ ಹಾಗೆಯೇ ಇದ್ದರು. ಹಾರ ಹಾಕಿಕೊಂಡು ಗೋಡೆಗೆ ಒರಗಿದ್ದ ಹೆಣ ಕತ್ತು ತಿರುಗಿಸಿ ಇವನನ್ನು ನೋಡಿತು.

“ಏನ್ಲಾ ಗಂಗುಲಾ, ಯಾರ್ಲಾ ಹೋದೋರು?”

ಮುನಿಗಂಗಮ್ಮ ಗಂಡನ ಬೋಳುತಲೆ ಕಂಡು ಎದೆ ಹಿಡಿದುಕೊಂಡು, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಗಂಗುಲಪ್ಪ ಅತ್ತ ಹೋದೊಡನೆ ಮುದುಕ ಎದ್ದು ಕೂತನಂತೆ. ಮೊಮ್ಮಗಳ ಮದುವೆಗೆ ಹಿರಿಯನ ಮನೆ ಮುಂದೆಯೂ ಚಪ್ಪರ ಏಳಬೇಕು, ತಮಟೆ ಬಡಿಯಬೇಕು, ಹೊಸ ಪೇಟ ಕಟ್ಟಿ ಹಾರ ಹಾಕಿ ತನ್ನನ್ನು ಜಗಲಿಯಲ್ಲಿ ಕೂರಿಸಬೇಕು ಎಂದು ಹಟ ಹಿಡಿದನಂತೆ. ಹುಲ್ಲಿನ ಹೊಗೆಗೆ ಇವಳ ಕಣ್ಣು ಉರಿದು ಹೋಗಿತ್ತಂತೆ.

“ಅದಿರ್ಲಿ, ನಿನ್ ಮೀಸೆ ಏನಾಯ್ತ್ಲಾ?” ಎಂದು ಮುದುಕ ಬಿಡಲಿಲ್ಲ.

ಕೋದಂಡರಾಮಪ್ಪ ಎಲ್ಲವನ್ನೂ ಹೇಳಿದ. ಕೊಳವೆ, ಗಾಜು, ಕಾಶಿ, ಎಳ್ಳುನೀರು ಒಂದನ್ನೂ ಬಿಡಲಿಲ್ಲ. ಮುದುಕ ಮೊದಲು ಮೂಗಿನಲ್ಲಿ ನಕ್ಕ. ಆಮೇಲೆ ಹೆಗಲು ಕುಣಿಸಿ ನಕ್ಕ. ಇವನ ಬೋಳುತಲೆ ನೋಡಿ, ತನ್ನ ಹಾರ ನೋಡಿಕೊಂಡು, ತೊಡೆ ತಟ್ಟಿ, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ಊರೇ ಜೊತೆಗೆ ನಕ್ಕಿತು. ಎಲ್ಲರೂ ನಕ್ಕು ಮುಗಿಸಿದ ಮೇಲೂ ಮುದುಕನ ಬಾಯಿ ತೆರೆದೇ ಇತ್ತು. ಯಾರೋ ಹೋಗಿ ಮೂಗಿನ ಹತ್ತಿರ ಬೆರಳಿಟ್ಟರು. ಈ ಸಲ ಮುದುಕ ಮೋಸ ಮಾಡಿರಲಿಲ್ಲ.

ಕೋದಂಡರಾಮಪ್ಪ ಜಟಕಾ ಹತ್ತಿದ. ಗಂಗುಲಪ್ಪ ಜೋಯಿಸರ ಕಾಲು ಹಿಡಿದ. ಇವತ್ತು ಮಾಡಿದ ಸ್ನಾನ, ಬಿಟ್ಟ ಎಳ್ಳುನೀರು ಮುದುಕನದೇ ಹೆಸರಿನಲ್ಲಿ ತಾನೇ, ಅದನ್ನೇ ಜಮಾ ಹಿಡಿಯಬಾರದೇ ಎಂದು ಅಂಗಲಾಚಿದ. ಸಾವಿಗೆ ಮುಂಗಡ ಶಾಸ್ತ್ರದಲ್ಲಿಲ್ಲ ಎಂದರು ಜೋಯಿಸರು. ಆದರೂ ದಾಯಾದಿ ಸೂತಕ ಹನ್ನೊಂದು ದಿನದಲ್ಲಿ ಕಳೆಯುತ್ತದೆ, ಮುಂದಿನ ತಿಂಗಳಲ್ಲೇ ಮುಹೂರ್ತ ಇಟ್ಟುಕೊಡುತ್ತೇನೆ, ಬೀಗರನ್ನು ಕೂಗು ಎಂದರು. ಚಿತೆಗೆ ಕೊಳ್ಳಿ ಇಡುವವನಿಗೆ ಮಾತ್ರ ಒಂದು ವರ್ಷ ಮನೆಯಲ್ಲಿ ಶುಭಕಾರ್ಯವಿಲ್ಲ. ಅದು ನಿನ್ನ ತಲೆಗೆ ಬಾರದು ಎಂದೂ ಸೇರಿಸಿದರು.

ಮುದುಕನಿಗೆ ಮಕ್ಕಳಿರಲಿಲ್ಲ. ಕೊಳ್ಳಿ ಇಡಬೇಕಾದವನು ಗಂಗುಲಪ್ಪನ ಅಣ್ಣ ಮುನಿಯಲ್ಲಪ್ಪ. ಅವನು ಹೋದ ವಾರವಷ್ಟೇ ಬೆಂಗಳೂರಿನಲ್ಲಿ ಕ್ರಾಪು ಮಾಡಿಸಿಕೊಂಡು ಬಂದಿದ್ದ. ಊರಿನ ಕ್ಷೌರಿಕ ಕತ್ತಿ ಮಸೆಯುವ ಸದ್ದಿಗೆ ಅವನ ಕೈ ತಾನಾಗಿ ತಲೆಗೆ ಹೋಯಿತು. ಆಮೇಲೆ ಅವನ ಕಣ್ಣು ತಮ್ಮನ ತಲೆಯ ಮೇಲೆ ನಿಂತಿತು.

“ಕೊಳ್ಳಿ ಇಡೋಕೆ ತಲೆ ಬೋಳ್ಸಿರ್ಬೇಕು, ಮೀಸೆ ತೆಗ್ಸಿರ್ಬೇಕು, ಗಂಗೆ ಸ್ನಾನ ಆಗಿರ್ಬೇಕು,” ಎಂದ ಮುನಿಯಲ್ಲಪ್ಪ, ದನಿಯಲ್ಲಿ ಎಲ್ಲಿಲ್ಲದ ಭಕ್ತಿ ತಂದುಕೊಂಡು. “ಹೊತ್ತು ಬೇರೆ ಮುಳುಗ್ತೈತೆ. ದೇವ್ರೇ ಒಬ್ಬನ್ನ ರೆಡಿ ಮಾಡಿ ಜಟಕಾದಾಗೆ ಕಳ್ಸಿರುವಾಗ ನಾನ್ಯಾಕಪ್ಪ ಮಧ್ಯ ಬರ್ಲಿ?”

ಊರಿನ ಹಿರಿಯರು ಹೌದು ಹೌದೆಂದು ತಲೆಯಾಡಿಸಿದರು. ಗಂಗುಲಪ್ಪ ಬಾಯಿ ತೆರೆಯುವಷ್ಟರಲ್ಲಿ ಯಾರೋ ಬೆಂಕಿಯ ಮಡಕೆಯನ್ನು ಅವನ ಕೈಗೆ ತೂಗುಹಾಕಿದರು. ತಮಟೆ ಹೇಗೂ ಕಾದೇ ಇತ್ತು.