ಪಂಚಮಿಗೆ ಕರೆಯಲು ಬಂದವಳು

ಚೌಕಾಸಿ ಮಾಡಲು ಬಾರದವರನ್ನು ಕಂಡರೆ ನನಗೆ ಮರುಕ ಹುಟ್ಟುತ್ತದೆ. ಅಂಗಡಿಯವನು ಹೇಳಿದ ರೇಟಿಗೆ ಹೂಂ ಎಂದು ಚೀಲ ಎತ್ತಿಕೊಂಡು ಬರುವವರಿಗೂ ರಾತ್ರಿ ನಿದ್ದೆ ಹತ್ತುತ್ತದಂತೆ. ಹೇಗೋ ಏನೋ! ನಾನು ಕುಲಗೋಡದಲ್ಲಿ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ನಮ್ಮಪ್ಪ ಸಂತೆಯಲ್ಲಿ ಟಾವೆಲಿನ ಕೆಳಗೆ ಕೈಯಿಟ್ಟು, ಗಿರಾಕಿಯ ಬೆರಳು ಹಿಚುಕಿಯೇ ವ್ಯಾಪಾರ ಮುಗಿಸುತ್ತಿದ್ದ. ಪಕ್ಕದಲ್ಲಿ ನಿಂತವರಿಗೂ ದರ ತಿಳಿಯುತ್ತಿರಲಿಲ್ಲ. ನನಗೆ ಮಾತ್ರ ಅವನ ಮೀಸೆ ನೋಡಿದರೆ ಸಾಕು, ಸೌದಾ ಕುದುರಿತೋ ಮುರಿಯಿತೋ ಗೊತ್ತಾಗುತ್ತಿತ್ತು. ಆ ವಿದ್ಯೆಯೊಂದನ್ನೇ ಗಂಟು ಕಟ್ಟಿಕೊಂಡು ಗಂಡನ ಹಿಂದೆ ಮಸ್ಕತ್ತಿಗೆ ಹೋದೆ. ಅವರು ಅಲ್ಲಿ ಗ್ಯಾರೇಜಿನಲ್ಲಿದ್ದಾರೆ. ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದ ನಾನು ಈಗ ಹೆಂಗಸರ ಹೊಲಿಗೆಯಂಗಡಿಯೊಂದರ ಪೂರಾ ಕಾರಭಾರ ನೋಡಿಕೊಳ್ಳುತ್ತೇನೆ. ಬಟ್ಟೆಯ ಥಾನು ಕೊಳ್ಳಲು ನಾನು ಹೋದರೆ ಅಲ್ಲಿನ ವ್ಯಾಪಾರಿಗಳು ಮೊದಲು ಚಹಾ ತರಿಸುತ್ತಾರೆ. ನನಗಾಗಿ ಅಲ್ಲ, ತಾವು ಧೈರ್ಯ ತಂದುಕೊಳ್ಳಲು.

ಇಂಥ ನಾನು ಈ ಸಲದ ಪಂಚಮಿಯಲ್ಲಿ ಹೇಗೆ ಸಿಕ್ಕಿಬಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ; ನಿಮಗಾದರೂ ಉಪಯೋಗವಾಗಲಿ.

ಪಂಚಮಿ ಈ ಬಾರಿ ಶುಕ್ರವಾರ ಬಂದಿತ್ತು. ಅರಬರ ನಾಡಿನಲ್ಲಿ ಶುಕ್ರವಾರ, ಶನಿವಾರವೇ ವಾರದ ಸೂಟಿ. ಮಾಲಕನ ಹತ್ತಿರ ಜಗ್ಗಾಡಿ ಗುರುವಾರವನ್ನೂ ಸೇರಿಸಿಕೊಂಡೆ. ಗಂಡನಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೊರಟೆ. ಗುರುವಾರ ಬೆಳಿಗ್ಗೆ ಗೋವಾದಲ್ಲಿ ಇಳಿಯುವುದು, ಬೆಳಗಾವಿ ಮೇಲೆ ಹಾಯ್ದು ಯಮಕನಮರಡಿಯಲ್ಲಿ ಅತ್ತೆಯ ಮನೆಗೊಂದು ಮುಖ ತೋರಿಸಿ, ತಂದದ್ದನ್ನು ಕೊಟ್ಟು, ಸಂಜೆಯೊಳಗೆ ಕುಲಗೋಡ ಸೇರುವುದು. ಶುಕ್ರವಾರ ಇಡೀ ದಿನ ಅವ್ವನ ಕೈಯ ಉಂಡಿ, ಜೋಳದ ಅಳ್ಳು, ಅಂಗಳದ ಬೇವಿನ ಮರದ ಜೋಕಾಲಿ. ಶನಿವಾರ ವಾಪಸ್ಸು ವಿಮಾನ. ಯಮಕನಮರಡಿ ಹೆದ್ದಾರಿಯ ಮೇಲಿನ ಊರು, ಹೇಗೂ ಹಾದಿಯಲ್ಲೇ ಬರುತ್ತದೆ, ಇಳಿದು ಹೋದರಾಯಿತು ಎಂದುಕೊಂಡೆನಲ್ಲ, ಅಲ್ಲೇ ಕೆಟ್ಟೆ.

ಮಧ್ಯಾಹ್ನ ಉಂಡು ಕೈ ತೊಳೆದು ಅತ್ತೆಗೆ ಹೇಳಿದೆ: “ಅತ್ತಿ, ಹೊತ್ತ ಮುಣಗೂದ್ರಾಗ ಕುಲಗೋಡಕ್ಕ ಹೋಗ್ತೇನ್ರಿ.”

“ಕರಿಯಾಕ ಯಾರ ಬಂದಾರ?”

“ಯಾರ ಬರಬೇಕ್ರಿ? ಬಸ್ ಐತೆಲ್ಲ.”

“ಬಸ್ಸೇನ ನಿನ್ನ ಒಡಹುಟ್ಟಿದ್ದನ?” ಎಂದಳು ಅತ್ತೆ. “ಪಂಚಮಿಗೆ ಸೊಸಿ ಒಬ್ಬಾಕಿನ ಚೀಲಾ ಹಿಡಕೊಂಡ ಹೊಂಟರ ಮಂದಿ ಏನಂದಾರು? ಹೊರಗ ಹಾಕ್ಯಾರ ಅಂತಾರ.”

ನಮ್ಮ ಕಡೆಯ ಪದ್ಧತಿ ಅದು. ಪಂಚಮಿ ಹೆಣ್ಣುಮಕ್ಕಳ ಹಬ್ಬ. ಆದರೆ ಕೊಟ್ಟ ಹೆಣ್ಣು ತಾನಾಗಿ ತವರಿಗೆ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಅತ್ತೆಯ ಮನೆಯ ಹೊಸ್ತಿಲಿಗೆ ಬಂದು ಕರೆದುಕೊಂಡು ಹೋಗಬೇಕು. ಒಬ್ಬಳೇ ವಿಮಾನ ಹತ್ತಬಹುದು, ಗೋವಾದ ಟ್ಯಾಕ್ಸಿಯವನ ಬೆವರು ಇಳಿಸಬಹುದು. ಈ ಹೊಸ್ತಿಲು ಮಾತ್ರ ದಾಟಲಾಗದು. ತಮ್ಮ ಬೀರಪ್ಪನಿಗೆ ಫೋನು ಹಚ್ಚಿದೆ.

“ಏ ಬೀರ್ಯಾ, ಕರಿಯಾಕ ಬಾರೋ.”

“ಅಕ್ಕಾ, ಸಮುದ್ರ ದಾಟಿ ಒಬ್ಬಾಕಿನ ಬಂದಿ. ಯಮಕನಮರಡಿಯಿಂದ ಇಲ್ಲಿಗೆ ಬರಾಕ ಹಾದಿ ತಪ್ಪತೈತೇನು?”

“ಹಾದಿ ತಪ್ಪೂದಿಲ್ಲೋ, ಮರ್ಯಾದಿ ತಪ್ಪತೈತಿ.”

“ಇಲ್ಲಿ ಕುರಿ ಈಯಾಕ ಬಂದೈತಿ. ನಮ್ಮಾಕಿನ್ನ ಆಕಿ ಅಣ್ಣ ನಿನ್ನೇನ ಬಂದು ಕರಕೊಂಡು ಹ್ವಾದ. ಮನ್ಯಾಗ ನಾನು, ಅವ್ವ, ಇಬ್ಬರ ಅದೇವಿ.”

“ಹಂಗೇನು? ನಿನ್ನ ಹೇಂತಿಗೆ ಅಣ್ಣ ಅದಾನ. ನನಗ ತಮ್ಮ ಇಲ್ಲ. ತಿಳೀತ ಬಿಡು.”

ಚೌಕಾಸಿಯಲ್ಲಿ ಇಂಥ ಮಾತೊಂದನ್ನು ಒಗೆದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಮೊದಲು ಬಾಯಿ ಬಿಟ್ಟವರು ಸೋತಂತೆ. ನಾನೂ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಅದು ಉಪಾಯದ ಮೌನವಾಗಿರಲಿಲ್ಲ, ನಾನೇ ಒಗೆದ ಮಾತು ನನಗೇ ನಾಟಿತ್ತು. ಫಲ ಮಾತ್ರ ಅದೇ. ಆ ಕಡೆಯಿಂದ ಬೀರಪ್ಪ ಕೆಮ್ಮಿದ. “ಆತ ಮಾರಾಯ್ತಿ. ಅರ್ಧಾ ಹಾದಿ ನೀ ಬಾ, ಅರ್ಧಾ ನಾ ಬರ್ತೇನಿ. ನಾಳೆ ಮುಂಜಾನಿ ಕೊಣ್ಣೂರಾಗ ನಿನ್ನ ನಾದಿನಿ ಮನ್ಯಾಗ ಕುಂತಿರು.”

ನನ್ನ ಗಂಡನ ತಂಗಿ ರುಕ್ಮಾಳನ್ನು ಕೊಟ್ಟದ್ದು ಕೊಣ್ಣೂರಿಗೆ. ಅತ್ತೆಗೆ ಈ ಕರಾರು ಹೇಳಿದೆ. “ಆಕಿ ಮನಿ ಹೊಸ್ತಿಲಾನೂ ನಮ್ಮದ ಅನ್ನು. ಅಲ್ಲಿಂದ ಕರಕೊಂಡ ಹೋಗ್ಲಿ ತಗೊ,” ಎಂದು ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಲೆಯ ಹೊಗೆ ಅಂದುಕೊಂಡೆ. ಆ ಮನೆಯಲ್ಲಿ ಗ್ಯಾಸ್ ಬಂದು ಎಷ್ಟೋ ಕಾಲವಾಯಿತು ಎಂಬುದು ಮರುದಿನ ಬಸ್ಸು ಹತ್ತಿದ ಮೇಲೆ ನೆನಪಾಯಿತು. ಹೆಂಗಸರಿಗೆ ಬಸ್ಸು ಈಗ ಪುಕ್ಕಟೆ. ಒಳ್ಳೆಯದೇ. ಆದರೆ ಕಂಡಕ್ಟರ್ ಸುಮ್ಮನೆ ಟಿಕೇಟು ಹರಿದು ಕೊಟ್ಟಾಗ, ವಾದ ಮಾಡಲು ಏನೂ ಇಲ್ಲದೆ ಕೈ ಕಟ್ಟಿಹಾಕಿದಂತಾಗುತ್ತದೆ ನನಗೆ.

ಕೊಣ್ಣೂರಿನಲ್ಲಿ ರುಕ್ಮಾ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ಚೀಲ ಹಿಡಿದು ನಿಂತ ನನ್ನನ್ನು ನೋಡಿದಳು. ರಂಗೋಲಿ ಬಟ್ಟಲು ಅಲ್ಲೇ ಬಿತ್ತು.

“ಅತ್ತೀ! ಹೊರಗ ಬರ್ರಿ! ನಾ ಹೇಳಿದ್ನೋ ಇಲ್ಲೋ, ನಮ್ಮಣ್ಣ ನನ್ನ ಮರ್ಯಾಂಗಿಲ್ಲ ಅಂತ? ತನಗ ಬರಾಕ ಆಗಲಿಲ್ಲ, ವೈನಿನ್ನ ಕಳಿಸ್ಯಾನ ನೋಡ್ರಿ!”

ಒಳಗಿನಿಂದ ಅವಳ ಅತ್ತೆ ಬಂದಳು. ಗೋಡೆಯಾಚೆಯಿಂದ ನೆರೆಮನೆಯವಳು ಇಣುಕಿದಳು. “ಬಂದ್ರೇನ ರುಕ್ಮವ್ವಾ ಈ ವರ್ಷಾರ ಕರಿಯಾಕ?”

“ಬಂದ್ರ ಬೇ! ಮಸ್ಕತ್ತಿಂದ ಬಂದಾರ! ನಿಮ್ಮ ಪೈಕಿ ಯಾರರ ಬಂದಾರೇನ ಅಷ್ಟ ದೂರಿಂದ?”

ನಾನು ಬಾಯಿ ತೆರೆದೆ. “ರುಕ್ಮಾ, ನಾ ಬಂದದ್ದು...”

“ಗೊತ್ತೈತ್ರಿ ವೈನಿ, ಲಗೂ ಹೋಗಬೇಕು. ಸೀರಿ ಉಟ್ಟಕೊಂಡ ಬಂದೆ ತಡೀರಿ.”

ಚಹಾ ಕುದಿಯುವಷ್ಟರಲ್ಲಿ ಅವಳು ಇಳಕಲ್ ಸೀರೆಯಲ್ಲಿ ಹೊರಬಂದಳು, ಕೈಯಲ್ಲಿ ತುಂಬಿದ ಚೀಲ. ಚೀಲ ತುಂಬುವುದರಲ್ಲಿ ನಾನು ಪಳಗಿದವಳು, ನೋಡಿದರೆ ಗೊತ್ತಾಗುತ್ತದೆ. ಅದು ಆಗಷ್ಟೇ ತುಂಬಿದ ಚೀಲವಲ್ಲ. ಮಡಿಕೆಗಳು ಕೂತಿದ್ದವು. ಅವಳ ಅಣ್ಣನೆಂದರೆ ನನ್ನ ಗಂಡ, ಆತ ಮಸ್ಕತ್ತಿನಲ್ಲಿ. ಇನ್ನೊಬ್ಬ ಅಣ್ಣತಮ್ಮನಿಲ್ಲ. ನಾವು ಆ ದೇಶಕ್ಕೆ ಹೋದಾಗಿನಿಂದ ಪ್ರತಿ ಪಂಚಮಿಗೂ ಅವಳು ಚೀಲ ಕಟ್ಟಿ, ಬಿಚ್ಚಿ ಇಟ್ಟಿದ್ದಾಳೆ ಎಂಬ ಲೆಕ್ಕ ಆಗ ನನ್ನ ತಲೆಯಲ್ಲಿ ಬಗೆಹರಿಯಿತು. ಈಗ ನಿಜ ಹೇಳಿದರೆ ನನ್ನ ಹಬ್ಬ ಉಳಿಯುತ್ತಿತ್ತು. ಗೋಡೆಯ ಮೇಲೆ ನೆರೆಮನೆಯವಳ ಗದ್ದ ಇನ್ನೂ ಹಾಗೇ ಊರಿಕೊಂಡಿತ್ತು. ನಾನು ಚಹಾ ಕುಡಿದೆ.

ಅಷ್ಟರಲ್ಲಿ ಬೀರಪ್ಪ ಕುರಿ ಸಾಗಿಸುವ ತನ್ನ ಸಣ್ಣ ಟೆಂಪೋ ತಂದು ನಿಲ್ಲಿಸಿದ. ನನಗಿಂತ ಮೊದಲು ರುಕ್ಮಾ ಹತ್ತಿ ಕೂತಳು. ಅವನು ನನ್ನನ್ನು ಹಿಂದಕ್ಕೆ ಎಳೆದ.

“ಇದೇನ ಅಕ್ಕಾ? ಒಂದು ಅಂದಿದ್ದಿ, ಎರಡು ಅದಾವ.”

“ಸುಮ್ನ ಯಮಕನಮರಡಿಗೆ ಹೊಡಿ.”

“ಯಮಕನಮರಡಿಗೆ? ಅಲ್ಲಿಗೆ ಬರಾಂಗಿಲ್ಲಂತ ಅಲ್ಲೇನ ನಿನ್ನೆ ಅಷ್ಟು ಜಗ್ಯಾಡಿದ್ದು ನಾವು?”

“ಆಕಿ ತವರಮನಿ ಅದೋ. ಆಕಿನ್ನ ಕರಿಯಾಕ ನಾ ಬಂದೇನಿ ಅಂತ ತಿಳಕೊಂಡಾಳ.”

ಬೀರಪ್ಪ ಟೆಂಪೋದ ಒಳಗೆ ನೋಡಿದ. ರುಕ್ಮಾ ಅವನ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು ಹೂವು ಸರಿಮಾಡಿಕೊಳ್ಳುತ್ತಿದ್ದಳು. ಇವನು ಹೋಗಿ ಸ್ಟೇರಿಂಗ್ ಹಿಡಿದ. ಕನ್ನಡಿಯನ್ನು ಸರಿಮಾಡಿಕೊಳ್ಳಲೂ ಇಲ್ಲ. ಯಮಕನಮರಡಿಯವರೆಗೂ ಹಿಂದೆ ಏನು ಬರುತ್ತಿದೆ ಎಂದು ನೋಡದೆಯೇ ಓಡಿಸಿದ.

ಅತ್ತೆ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಹೊರಬಂದಳು. ಮಗಳನ್ನು ನೋಡಿ ಅಲ್ಲೇ ನಿಂತಳು. “ಯಾರ ಕರಕೊಂಡ ಬಂದ್ರ ನಿನ್ನ?”

“ಅಣ್ಣ ವೈನಿನ್ನ ಕಳಿಸಿದ್ನಲ್ಲ ಬೇ! ನಿನಗ ಗೊತ್ತಿರಲಿಲ್ಲೇನು?”

ಅತ್ತೆ ನನ್ನ ಕಡೆ ನೋಡಿದಳು. ಬೆಳಿಗ್ಗೆ ನಾನು ಯಾವ ಊರಿಗೆ, ಯಾತಕ್ಕೆ ಹೊರಟೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? “ಗೊತ್ತಿರದ ಏನು,” ಎಂದಳು. “ನಾನ ಹೇಳಬ್ಯಾಡ ಅಂದಿದ್ದೆ.” ಇಷ್ಟು ಸಲೀಸಾಗಿ ಸುಳ್ಳು ಹೇಳುವ ಹೆಂಗಸು ವ್ಯಾಪಾರಕ್ಕೆ ಇಳಿದಿದ್ದರೆ ನಾನು ಅವಳ ಕೈಕೆಳಗೆ ಗುಂಡಿ ಹಚ್ಚಬೇಕಾಗಿತ್ತು. ಆಮೇಲೆ ಬೀರಪ್ಪನ ಕಡೆ ತಿರುಗಿದಳು. “ತಮ್ಮಾ, ನೀ ಅಕ್ಕನ್ನ ಕರಿಯಾಕ ನಮ್ಮ ಹೊಸ್ತಿಲತನಕ ಬಂದೀಯಲ್ಲ, ಒಳಗ ಬಾ. ಕಾಲಿಗೆ ನೀರ ತಗೊ.”

“ಹೌದ್ರಿ ಯವ್ವಾ,” ಎಂದ ಆ ಕಳ್ಳ. “ಕರಿಯಾಕ ಬರದಿದ್ದರ ಹೆಂಗ್ರಿ?”

ಹೀಗೆ ಮೂರು ಮಂದಿ ಸುಳ್ಳುಗಾರರು ಒಂದೇ ಪಡಸಾಲೆಯಲ್ಲಿ ಕೂತು ಉಂಡೆವು. ರುಕ್ಮಾ ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ಕೂತು, “ತೂಗ್ರಿ ವೈನಿ, ಇನ್ನೂ ಜೋರ ತೂಗ್ರಿ” ಎಂದು ಕೂಗುತ್ತಿದ್ದಳು. ಕರೆತಂದವಳು ನಾನು, ತೂಗಬೇಕಾದವಳೂ ನಾನೇ. ತೂಗಿದೆ. ಹೊರಡುವಾಗ ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ. ರುಕ್ಮಾ ಟೆಂಪೋದ ಬಾಗಿಲು ಹಿಡಿದು ನಿಂತು, “ಮುಂದಿನ ವರ್ಷ ಇಷ್ಟ ತಡಾ ಮಾಡಬ್ಯಾಡ್ರಿ ವೈನಿ. ಮುಂಜಾನಿ ಮೊದಲನೆ ಬಸ್ಸಿಗೇನ ಬರ್ರಿ” ಎಂದಳು. ನಾನು ಹೂಂ ಅಂದೆ. ಒಂದೇ ಸಲಕ್ಕೆ, ಎದುರು ಮಾತಿಲ್ಲದೆ. ಗೋಕಾಕ ದಾಟುವವರೆಗೂ ಬೀರಪ್ಪ ನಗುತ್ತಲೇ ಇದ್ದ.

ಕುಲಗೋಡ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕುರಿ ಯಾರ ಸಹಾಯವೂ ಇಲ್ಲದೆ ಈದು, ಮರಿಯನ್ನು ನೆಕ್ಕುತ್ತ ನಿಂತಿತ್ತು. “ಇಷ್ಟೊತ್ತನಾ?” ಎಂದಳು ಅವ್ವ. “ನಾದಿನಿನ್ನ ಕರಿಯಾಕ ಹೋಗಿದ್ದೆ ಬೇ,” ಎಂದೆ. “ಹಂಗಾದ್ರ ಆತ ಬಿಡು,” ಎಂದು ಉಂಡಿಯ ತಾಟು ಮುಂದೆ ಸರಿಸಿದಳು, ಅದಕ್ಕಿಂತ ಮಿಗಿಲಾದ ಕಾರಣ ಲೋಕದಲ್ಲೇ ಇಲ್ಲವೆಂಬಂತೆ. ಕತ್ತಲಾಗುವ ಮುಂಚೆ ಬೀರಪ್ಪ ನನ್ನನ್ನು ಬೇವಿನ ಮರದ ಜೋಕಾಲಿಗೆ ಕೂರಿಸಿ ನಾಲ್ಕು ಸಲ ತೂಗಿದ. ನಾಲ್ಕೇ. ಆದರೆ ಜೋರಾಗಿ.

ಪರದೇಶದಲ್ಲಿದ್ದು ಎರಡು ದಿನದ ಸೂಟಿಗೆ ಊರಿಗೆ ಓಡುವ ಹೆಣ್ಣುಮಕ್ಕಳೇ, ನನ್ನ ಮಾತು ಕೇಳಿ: ಹಾದಿಯಲ್ಲಿ ಬರುತ್ತದೆಂದು ಯಾವ ಬೀಗರ ಮನೆಯಲ್ಲೂ ಇಳಿಯಬೇಡಿ, ಸೀದಾ ತವರು ಮುಟ್ಟಿ. ಚೀಲ ಹಿಡಿದು ಯಾರ ಬಾಗಿಲಲ್ಲೂ ನಿಲ್ಲಬೇಡಿ. ನಾನು ಇದನ್ನು ಪಾಲಿಸುವ ಹಾಗಿಲ್ಲ, ಮಾತು ಕೊಟ್ಟು ಬಂದಿದ್ದೇನೆ. ಮೊನ್ನೆ ಗಂಡನಿಗೆ, “ನಿಮ್ಮ ತಂಗಿನ್ನ ಕರಿಯಾಕ ಮುಂದಿನ ವರ್ಷ ನೀವ ಹೋಗ್ರಿ” ಎಂದೆ. “ಹೂಂ ಅಂದಾಕಿ ನೀ,” ಎಂದರು. “ಒಂದ ಕರಾರ ಇಲ್ಲ, ಒಂದ ಶರತ್ತ ಇಲ್ಲ. ಎಂಥಾ ವ್ಯಾಪಾರ ಮಾಡಿ ಬಂದಿಯ ನೀ!” ನಾನಾಗಲೇ ಮುಂದಿನ ಪಂಚಮಿ ಯಾವ ವಾರ ಬರುತ್ತದೆಂದು ಹುಡುಕುತ್ತಿದ್ದೆ. ಮಂಗಳವಾರ! ನಟ್ಟನಡುವೆ. ಇನ್ನು ಮಾಲಕನ ಮುಂದೆ ಹೋಗಿ ಇಡೀ ವಾರದ ರಜೆ ಕೇಳಬೇಕು, ಅವನು ಏನು ಹೇಳಿದರೂ ಒಪ್ಪಿಕೊಂಡು ಬರಬೇಕು. ಆಸೆ ಮುಖದಲ್ಲಿ ಕಂಡರೆ ಗಿರಾಕಿ ಅರ್ಧ ಸೋತಂತೆ ಎಂದು ಅವನಿಗೆ ಕಲಿಸಿಕೊಟ್ಟವಳೂ ನಾನೇ.