ಟೂರಿಸ್ಟ್ ವೀಸಾದ ಇಂಗ್ಲಿಷ್ ಮೇಡಂ

ಶಾಲೆಯ ಕ್ಲಾರ್ಕ್ ಆದವನಿಗೆ ನಗು ಬರುವಂಥ ಸಂಗತಿಗಳಿಗೆ ಕೊರತೆಯಿಲ್ಲ. ತೊಂದರೆ ಏನೆಂದರೆ, ಅವು ನಡೆಯುವಾಗ ನಗುವಂತಿಲ್ಲ. ನಕ್ಕರೆ ನೌಕರಿ ಹೋಗುತ್ತದೆ. ಮಹಾರಾಷ್ಟ್ರದ ಗಡಿಯಂಚಿನ ಜತ್ತ ತಾಲೂಕಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷದಿಂದ ಕ್ಲಾರ್ಕ್. ನನ್ನೂರು ತಿಕೋಂಡಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಶಾಲೆಯ ಬೋರ್ಡಿನ ಮೇಲೆ ಇಂಗ್ಲಿಷ್. ಬೋರ್ಡಿನಿಂದ ಇಂಗ್ಲಿಷ್ ಕೆಳಗಿಳಿದು ಮಕ್ಕಳ ಬಾಯಿಗೆ ಬಂದದ್ದು ಒಂದೇ ಒಂದು ವರ್ಷ. ಆ ವರ್ಷದ ಕತೆಯನ್ನು ನಮ್ಮಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುತ್ತಾರೆ. ನಾನೂ ಹಾಗೇ ಹೇಳಲು ನೋಡುತ್ತೇನೆ.

೧. ಗೋಳಗುಮ್ಮಟದಲ್ಲಿ ಸಿಕ್ಕವರು

ಶಾಲೆಯ ಟ್ರಿಪ್ ವಿಜಯಪುರಕ್ಕೆ ಹೋಗಿತ್ತು. ಗೋಳಗುಮ್ಮಟದಲ್ಲಿ ನಮ್ಮ ಮಕ್ಕಳು ಒಬ್ಬ ಬಿಳಿ ಹೆಣ್ಣುಮಗಳನ್ನು ಮುತ್ತಿಕೊಂಡು ಒಬ್ಬೊಬ್ಬರಾಗಿ "ವಾಟ್ ಈಸ್ ಯುವರ್ ನೇಮ್" ಎಂದು ಕೇಳಿದರು. ನಲವತ್ತು ಮಕ್ಕಳು, ನಲವತ್ತು ಸಲ. ಆಕೆ ನಲವತ್ತು ಸಲವೂ ನಿಧಾನವಾಗಿ ಹೆಸರು ಹೇಳಿ, ತಿರುಗಿ ಅವರ ಹೆಸರು ಕೇಳಿದರು. ಐರ್ಲೆಂಡಿನವರು. ತಮ್ಮ ದೇಶದಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದವರು, ಈಗ ದೇಶ ನೋಡಲು ಹೊರಟಿದ್ದರು. ನಮ್ಮ ಅಧ್ಯಕ್ಷರು, ಅಂದರೆ ಶಾಲೆಯನ್ನು ನಡೆಸುವ ಯಜಮಾನರು, ದೂರ ನಿಂತು ನೋಡಿ ನನ್ನನ್ನು ಕರೆದರು. "ಭಾಳ ಸಮಾಧಾನದಾಕಿ ಅದಾಳ. ನಮ್ಮ ಸಾಲಿಗಿ ಬರ್ತಾಳೇನ ಕೇಳು."

ಎಂಟು ದಿನಕ್ಕೆಂದು ಬಂದ ಮೇಡಂ ನಮ್ಮಲ್ಲೇ ಉಳಿದರು. ಊರವರ ಬಾಯಲ್ಲಿ 'ಲಂಡನ್ ಮೇಡಂ' ಆದರು. ನಾನು ಅವರ ವೀಸಾ ಓದಿ ನೋಡಿದೆ. ಪ್ರವಾಸಕ್ಕೆ ಮಾತ್ರ, ಕೆಲಸ ಮಾಡುವಂತಿಲ್ಲ ಎಂದು ಸ್ಪಷ್ಟವಾಗಿ ಇತ್ತು. ಅಧ್ಯಕ್ಷರ ಮುಂದೆ ಒಯ್ದು ಹೇಳಿದೆ.

"ಪಗಾರ ಕೊಟ್ರ ಕೆಲಸ. ನಾವೇನ ಪಗಾರ ಕೊಡ್ತೀವೇನು? ಊಟಾ, ಇರಾಕ ಒಂದ ಖೋಲಿ. ಇದು ಸೇವಾ."

"ಪುಕ್ಕಟ ಕಲಿಸಿದ್ರೂ ತಪ್ಪ ಅಂತ್ರಿ ಸರ. ಕಲಸಾಕ ಬ್ಯಾರೆ ವೀಸಾ ಬೇಕು. ಅದನ್ನ ಅವರ ದೇಶಕ್ಕ ಹೋಗೇ ತರಬೇಕು. ನಾವು ಕರಾರ ಬರದ ಕೊಡಬೇಕು, ಸರಕಾರ ಹೇಳಿದಷ್ಟು ಪಗಾರಾನೂ ಕೊಡಬೇಕು."

ಪಗಾರದ ಮಾತು ಬಂದ ಕೂಡಲೇ ಅಧ್ಯಕ್ಷರು ಕನ್ನಡಕ ತೆಗೆದರು. "ಪಗಾರ ಇಲ್ಲದ ಕೆಲಸಾ ಮಾಡೂದು ಗುನ್ಹೆ ಅಂದ್ರ, ಈ ಸಾಲ್ಯಾಗ ಮದಲ ನಿನ್ನ ಹಿಡಕೊಂಡ ಹೋಗಬೇಕು."

ಆ ವರ್ಷ ದೀಪಾವಳಿಯಿಂದ ನಮಗ್ಯಾರಿಗೂ ಸಂಬಳ ಆಗಿರಲಿಲ್ಲ. ಅವರ ವಾದದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

೨. ನೋಡಲು ಬಂದಾಕೆ

ವಿದೇಶದವರು ಯಾರ ಮನೆಯಲ್ಲಿ ಉಳಿಯುತ್ತಾರೋ ಅವರು ಪೊಲೀಸರಿಗೆ ಒಂದು ಫಾರ್ಮ್ ತುಂಬಿ ತಿಳಿಸಬೇಕು. ಮೇಡಂ ಇದ್ದದ್ದು ಅಧ್ಯಕ್ಷರ ಮನೆಯ ಮಾಳಿಗೆಯ ಮೇಲೆ. ಫಾರ್ಮ್ ತುಂಬಿ ಸಹಿ ಮಾಡಿದ್ದು ನಾನು. ಬಂದ ಉದ್ದೇಶ ಏನು ಎಂಬ ಕಡೆ ಪೆನ್ನು ನಿಂತಿತು. ಅಧ್ಯಕ್ಷರು, "ಪ್ರೇಕ್ಷಣೀಯ ಸ್ಥಳಾ ನೋಡೂದು ಅಂತ ಬರಿ" ಅಂದರು. ಬರೆದೆ.

ಹೊರಠಾಣೆಯ ಹವಾಲ್ದಾರರು ಅದನ್ನು ಎರಡು ಸಲ ಓದಿದರು. ಹೊರಗೆ ಜಾಲಿಕಂಟಿ, ಒಂದು ಕುರಿ ಹಿಂಡು, ಅದರ ಹಿಂದೆ ಧೂಳು.

"ಇಲ್ಲೆ ಪ್ರೇಕ್ಷಣೀಯ ಸ್ಥಳಾ ಯಾವ್ದು?"

"ಈ ಕಡಿ ವಳಸಂಗ ಐತ್ರಿ, ಆ ಕಡಿ ಕುಣಿಕೋಣೂರ ಐತ್ರಿ."

ಎರಡೂ ಇಂಥವೇ ಧೂಳಿನ ಹಳ್ಳಿಗಳು. ಹವಾಲ್ದಾರರು ಫಾರ್ಮಿನ ಮೇಲೆ ಶಿಕ್ಕಾ ಒತ್ತುತ್ತ ಹೇಳಿದರು: "ನನಗ ಶಿಕ್ಷಾ ಅಂತ ಈ ಭಾಗಕ್ಕ ಬದ್ಲಿ ಮಾಡ್ಯಾರ. ಆಕಿ ವಿಮಾನದ ಟಿಕೀಟ ತಗದ ನೋಡಾಕ ಬಂದಾಳ. ಇರ್ಲಿ ಬಿಡು, ಒಬ್ಬರಿಗಾದ್ರೂ ಚಲೋ ಅನಸ್ಲಿ."

೩. ಸಣ್ಣ ಅಕ್ಷರ

ಮೇಡಂ ಅವರ ಪಾಠದ ರೀತಿ ಬೇರೆ. ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಆದರೆ ಯಾರೇ ಅರ್ಧ ಮಾತು ಆಡಲಿ, ಪೂರಾ ವಾಕ್ಯ ಹೇಳುವವರೆಗೆ ಬಿಡುವುದಿಲ್ಲ. "ವಾಟರ್" ಅಂದರೆ ನೀರು ಸಿಗುತ್ತಿರಲಿಲ್ಲ. "ಐ ವಾಂಟ್ ಟು ಡ್ರಿಂಕ್ ವಾಟರ್" ಅಂದರೆ ಸಿಗುತ್ತಿತ್ತು. ಮೂರು ತಿಂಗಳಲ್ಲಿ ನಾಲ್ಕನೇ ಇಯತ್ತೆಯ ಮಕ್ಕಳು ಇಂಗ್ಲಿಷಿನಲ್ಲಿ ಜಗಳ ಆಡತೊಡಗಿದರು. ಕುರುಬರ ಮನೆಯ ಹುಡುಗಿಯೊಬ್ಬಳು ನನ್ನ ಮೇಜಿನ ಮುಂದೆ ನಿಂತು, ತನ್ನ ದಾಖಲೆಯಲ್ಲಿ ಹುಟ್ಟಿದ ತಾರೀಖು ತಪ್ಪಿದೆ ಎಂದು ಇಂಗ್ಲಿಷಿನಲ್ಲಿ ದೂರು ಕೊಟ್ಟಳು. ತಿದ್ದಿಕೊಟ್ಟೆ. ನನಗೆ ಆ ದಿನ ನಿಜಕ್ಕೂ ಸಂತೋಷವಾಗಿತ್ತು.

ಅಷ್ಟರಲ್ಲಿ ಅಡ್ಮಿಷನ್ ದಿನ ಬಂತು. ನಮ್ಮ ಭಾಗದಲ್ಲಿ ಫ್ಲೆಕ್ಸ್ ಹಾಕದೆ ನಾಮಕರಣವೂ ಆಗುವುದಿಲ್ಲ. ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತು ಅಡಿ ಫ್ಲೆಕ್ಸ್ ಎದ್ದಿತು. ನಡುವೆ ತಲೆಗೆ ಕೇಸರಿ ಫೇಟಾ ಸುತ್ತಿದ ಮೇಡಂ, ಪಕ್ಕದಲ್ಲಿ ಅಧ್ಯಕ್ಷರು, ಕೆಳಗೆ ಶುಭ ಕೋರುವವರ ಹದಿನೇಳು ಮುಖ. ಹದಿನೇಳನೆಯದು ನನ್ನದು. ಮೇಲೆ, 'ನಮ್ಮ ಕಾಯಂ ಇಂಗ್ಲಿಷ್ ಟೀಚರ್, ನೇರ ಲಂಡನ್ನಿನಿಂದ'.

ಬರಹ ಪ್ರೆಸ್ಸಿಗೆ ಹೋಗುವ ಮುಂಚೆಯೇ ನಾನು ಅಡ್ಡ ಬಂದಿದ್ದೆ. "ಸರ, ಕಾಗದದ ಮ್ಯಾಲ ಆಕಿ ಟೀಚರ್ ಅಲ್ರಿ. ಯಾರರೆ ನೋಡಿ ಅರ್ಜಿ ಕೊಟ್ರ ಮೇಡಮ್ಮನ ದೇಶಾ ಬಿಡಸ್ತಾರ. ಹೆಸರು ಕಪ್ಪು ಯಾದಿಗೆ ಹೋತಂದ್ರ ಮತ್ತ ಈ ದೇಶದಾಗ ಕಾಲ ಇಡಾಕ ಬರೂದಿಲ್ಲ."

ಅಧ್ಯಕ್ಷರು ನನ್ನ ಮಾತಿಗೆ ಬೆಲೆ ಕೊಡುವುದಿಲ್ಲ ಎನ್ನುವಂತಿಲ್ಲ. ಯೋಚನೆ ಮಾಡಿ, "ಹಂಗಾದ್ರ 'ಟೀಚರ್' ಅನ್ನೂದನ್ನ ಸಣ್ಣ ಅಕ್ಷರದಾಗ ಹಾಕಸು" ಅಂದರು.

ಸಂಜೆ ಮೇಡಂ ಫ್ಲೆಕ್ಸ್ ನೋಡಿ ಬಂದು ನನ್ನನ್ನು ಕೇಳಿದರು, ತಮ್ಮ ಕಾಗದಪತ್ರವೆಲ್ಲ ಸರಿ ಇವೆಯಲ್ಲವೇ, ಹೀಗೆ ಕಲಿಸಲು ಅಧ್ಯಕ್ಷರು ತರಿಸುತ್ತೇನೆಂದಿದ್ದ ಅನುಮತಿ ಬಂದಿದೆಯಲ್ಲವೇ ಎಂದು. ಈ ದೇಶಕ್ಕೆ ಮತ್ತೆ ಮತ್ತೆ ಬರಬೇಕು, ಅದೊಂದಕ್ಕೆ ಧಕ್ಕೆ ಬರಬಾರದು, ಬೇಕಾದರೆ ಈಗಲೇ ಹೋಗಿ ಸರಿಯಾದ ವೀಸಾ ಮಾಡಿಸಿಕೊಂಡು ಬರುತ್ತೇನೆ ಅಂದರು. ಅಧ್ಯಕ್ಷರು ಬಾಗಿಲಲ್ಲಿ ನಿಂತಿದ್ದರು. ನಾನು, "ನೋ ಪ್ರಾಬ್ಲೆಮ್" ಅಂದೆ.

"ಫುಲ್ ಸೆಂಟೆನ್ಸ್," ಅಂದರು ಮೇಡಂ, ನಗುತ್ತ.

"ದೇರ್ ಈಸ್ ನೋ ಪ್ರಾಬ್ಲೆಮ್ ವಿತ್ ಯುವರ್ ವೀಸಾ, ಮೇಡಂ" ಅಂದೆ. ಸುಳ್ಳು ಉದ್ದವಾಯಿತು, ಅಷ್ಟೇ. ಮೇಡಂ ನನ್ನ ಇಂಗ್ಲಿಷ್ ಸುಧಾರಿಸಿದೆ ಎಂದು ಹೊಗಳಿದರು.

೪. ಗಡಿ ದಾಟಿಸಿದ್ದು

ಇನ್ನೊಂದು ತೊಡಕಿತ್ತು. ಆ ವೀಸಾದ ಮೇಲೆ ಒಂದೇ ಸಲಕ್ಕೆ ಇಷ್ಟೇ ದಿನ ಇರಬೇಕೆಂದಿತ್ತು. ದಿನ ಮುಗಿಯುವ ಹೊತ್ತಿಗೆ ಮೇಡಂ ನೆನಪು ಮಾಡಿದರು. ಅಧ್ಯಕ್ಷರು ಮುದತು ಹೆಚ್ಚಿಸುತ್ತೇವೆಂದು ಹೇಳಿ ಪಾಸ್‌ಪೋರ್ಟ್ ಇಸಿದುಕೊಂಡು ನನ್ನ ಕಪಾಟಿನಲ್ಲಿ ಇಡಿಸಿದರು. ಕಪಾಟಿನಲ್ಲಿ ಇಟ್ಟರೆ ಮುದತು ಹೆಚ್ಚುವುದಿಲ್ಲ.

"ಸರ, ಗಡಿ ದಾಟಿ ಹೊರಗ ಹೋಗಿ ಬಂದ್ರ ಮತ್ತ ಹೊಸಾ ದಿನಾ ಎಣಸ್ತಾರಂತ್ರಿ" ಅಂದೆ. ನನ್ನ ತಲೆಯಲ್ಲಿ ಇದ್ದದ್ದು ನೇಪಾಳವೋ ಶ್ರೀಲಂಕಾವೋ.

ಮರುದಿನ ಬೆಳಿಗ್ಗೆ ಜೀಪು ಬಂತು. ಮುಂದೆ ಅಧ್ಯಕ್ಷರು, ಹಿಂದೆ ಮೇಡಂ ಮತ್ತು ನಾನು. ಜೀಪು ನಮ್ಮ ತಿಕೋಂಡಿ ದಾಟಿ, ಮಹಾರಾಷ್ಟ್ರ ದಾಟಿ, ಕರ್ನಾಟಕದ ಮೊದಲನೇ ಚಹಾದಂಗಡಿಯ ಮುಂದೆ ನಿಂತಿತು. ಹುಟ್ಟಿದಾಗಿನಿಂದ ನಮ್ಮ ಜನ ಒಂದೇ ಗಡಿ ಕಂಡವರು. ಭಾಷಣ ಆದರೂ ಅದರ ಮೇಲೆಯೇ, ಬಂದ್ ಆದರೂ ಅದರ ಸಲುವಾಗಿಯೇ. ದೇಶಕ್ಕೊಂದು ಬೇರೆ ಗಡಿ ಇರುತ್ತದೆ ಎಂಬುದು ಅಧ್ಯಕ್ಷರಿಗೆ ಗೊತ್ತಿರಲಿಲ್ಲವೆಂದಲ್ಲ, ಆದರೆ ಅಷ್ಟು ದೊಡ್ಡದೆಂದು ಅನಿಸಿರಲಿಲ್ಲ.

ಮೇಡಂ ಮಿರ್ಚಿ ಭಜಿ ತಿಂದು ಕಣ್ಣೊರೆಸಿಕೊಂಡರು. ಎಂಥ ಚಂದದ ಪಿಕ್‌ನಿಕ್ ಅಂದರು. ಅಧ್ಯಕ್ಷರು ಅಂಗಡಿಯವನಿಂದ ಕನ್ನಡದಲ್ಲಿ ಬಿಲ್ಲು ಬರೆಸಿದರು.

"ಬಿಲ್ಲ ಯಾಕ್ರಿ ಸರ, ಮೂರು ಚಾಕ್ಕ?"

"ಫೈಲಿಗೆ ಹಚ್ಚು. ಗಡಿ ದಾಟಿದ್ದಕ್ಕ ಪುರಾವಾ ಬ್ಯಾಡೇನು?"

ಹಚ್ಚಿದೆ. ಅದು ತಪ್ಪೆಂದು ಗೊತ್ತಿದ್ದೂ ಪಿನ್ನು ಹೊಡೆದೆ. ವರ್ಷಗಟ್ಟಲೆ ಕ್ಲಾರ್ಕ್ ಆಗಿದ್ದವನ ಕೈ ಕಾಗದ ಕಂಡರೆ ತಾನಾಗಿ ಪಿನ್ನು ಹುಡುಕುತ್ತದೆ.

೫. ಸತ್ಕಾರ

ಫ್ಲೆಕ್ಸ್ ನೋಡಿ ಯಾರು ಅರ್ಜಿ ಹಾಕಿದರೋ ಗೊತ್ತಿಲ್ಲ. ವಿದೇಶದವರ ಕಾಗದಪತ್ರ ತಪಾಸಣೆ ಮಾಡುವ ಸಾಹೇಬರು ಜಿಲ್ಲೆಯಿಂದ ಬರುತ್ತಾರೆಂದು ಫೋನು ಬಂತು. ಅಧ್ಯಕ್ಷರು ಎಲ್ಲರನ್ನೂ ಕೂಡಿಸಿ ಪಾಠ ಹೇಳಿಕೊಟ್ಟರು: ಮೇಡಂ ನಮ್ಮ ಪಾವಣ್ಯಾರು, ಮನೆಗೆ ಬಂದ ಅತಿಥಿ, ಶಾಲೆಗೂ ಅವರಿಗೂ ಸಂಬಂಧ ಇಲ್ಲ. ಮೇಡಂ ಅವರಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವರು ಆ ದಿನ ಮಾಳಿಗೆಯ ಮೇಲೆ ಇದ್ದರೆ ಸಾಕೆಂದು ಮಾತಾಯಿತು.

ಎಲ್ಲ ಸರಿಯಾಗಿಯೇ ಇತ್ತು. ಆದರೆ ಸಾಹೇಬರು ಬಂದ ಮೇಲೆ ಸತ್ಕಾರ ಮಾಡದೆ ಬಿಡುವುದುಂಟೇ? ನಮ್ಮಲ್ಲಿ ಶಾಲು, ತೆಂಗಿನಕಾಯಿ, ಫೇಟಾ ಇಲ್ಲದೆ ಮೀಟರ್ ರೀಡಿಂಗಿಗೆ ಬಂದವನನ್ನೂ ಕಳಿಸುವುದಿಲ್ಲ. ಸಾಹೇಬರು ಬೇಡ ಬೇಡ ಅನ್ನುತ್ತಿದ್ದಂತೆ ಸ್ಟೇಜಿಗೆ ಹತ್ತಿಸಿದರು. ಶಾಲು ಯಾರ ಕೈಯಿಂದ ಹೊದಿಸುವುದು ಎಂಬ ಪ್ರಶ್ನೆ ಬಂತು. ದೊಡ್ಡ ಸಾಹೇಬರಿಗೆ ದೊಡ್ಡ ಕೈಯೇ ಬೇಕು. ಅಧ್ಯಕ್ಷರು ನನ್ನ ಕಿವಿಯಲ್ಲಿ, "ಲಗೂನ ಹೋಗಿ ಮೇಡಮ್ಮನ ಕರಕೊಂಡ ಬಾ" ಅಂದರು.

"ಸರ, ಅವರನ್ನ ಅಡಗಿಸೇವ್ರಿ."

"ಸತ್ಕಾರ ಆಗೂತನಾ ಬರ್ಲಿ. ಆಮ್ಯಾಲ ಅಡಗಸೋಣು."

ಮೇಡಂ ಬಂದರು. ಮೈಕ್ ಹಿಡಿದಿದ್ದ ಮುಖ್ಯಾಧ್ಯಾಪಕರಿಗೆ ಕೈಯಲ್ಲಿ ಮೈಕ್ ಇದ್ದಾಗ ನಾಲಿಗೆ ಮೇಲೆ ಹಿಡಿತ ಇರುವುದಿಲ್ಲ. "ಈಗ ನಮ್ಮ ಶಾಲೆಯಲ್ಲಿ ಇಡೀ ವರ್ಷ ಒಂದು ದಿನವೂ ರಜೆ ಹಾಕದೆ ಇಂಗ್ಲಿಷ್ ಕಲಿಸುತ್ತಿರುವ ಆದರ್ಶ ಶಿಕ್ಷಕಿಯವರಿಂದ ಸಾಹೇಬರ ಸತ್ಕಾರ" ಎಂದು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು. ಮಕ್ಕಳೆಲ್ಲ ಎದ್ದು ನಿಂತು ಒಂದೇ ದನಿಯಲ್ಲಿ, "ಗುಡ್ ಮಾರ್ನಿಂಗ್, ಟೀಚರ್. ವಿ ಆರ್ ಹ್ಯಾಪಿ ಟು ಸೀ ಯೂ" ಅಂದರು. ಪೂರಾ ವಾಕ್ಯ.

ಸಾಹೇಬರು ತಲೆಯ ಮೇಲೆ ಫೇಟಾ, ತೊಡೆಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡೇ ಪಂಚನಾಮೆ ಬರೆಯಲು ಕುಳಿತರು. ತಪಾಸಣೆಗೆ ಇಷ್ಟು ಸಹಕಾರ ಎಲ್ಲಿಯೂ ಸಿಕ್ಕಿರಲಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಫೈಲು ತಿರುವುತ್ತ ಚಹಾದ ಬಿಲ್ಲಿಗೆ ಬಂದು ನಿಂತರು. ಅಧ್ಯಕ್ಷರು ಅದೇನೆಂದು ವಿವರಿಸಿದ ಮೇಲೆ ಸಾಹೇಬರು ಫೇಟಾ ತೆಗೆದಿಟ್ಟು, ಒಂದು ಲೋಟ ನೀರು ಕೇಳಿದರು.

ಆಮೇಲೆ ಕೇಳಿದರು, ಈ ಕಾಗದಪತ್ರ ನೋಡಿಕೊಂಡವರು ಯಾರು?

"ಎಲ್ಲಾ ನಮ್ಮ ಕ್ಲಾರ್ಕ ನೋಡ್ತಾನ್ರಿ," ಅಂದರು ಅಧ್ಯಕ್ಷರು. ಅದು ನಿಜವೇ. ಫಾರ್ಮಿನ ಮೇಲೆ ನನ್ನ ಸಹಿ, ಕಪಾಟಿನ ಕೀಲಿ ನನ್ನ ಜೇಬಿನಲ್ಲಿ.

ಸಾಹೇಬರು ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು: ಹೀಗೆ ಕಲಿಸುವಂತಿಲ್ಲ, ಇಷ್ಟು ದಿನ ಇರುವಂತಿಲ್ಲ ಎಂದು ಈ ಮೇಡಂಗೆ ನೀನು ಹೇಳಿದ್ದೆಯೋ ಇಲ್ಲವೋ? ಹೇಳಿರಲಿಲ್ಲ ಎಂದರೆ ತಪ್ಪು ನಮ್ಮ ಶಾಲೆಯದು. ಹೇಳಿದ್ದೆ ಎಂದರೆ ಆಕೆ ಗೊತ್ತಿದ್ದೂ ಮಾಡಿದಂತೆ. ಮೇಡಂ ಕನ್ನಡ ಒಂದಿಷ್ಟು ಕಲಿತಿದ್ದರು, ಮರಾಠಿ ಬರುತ್ತಿರಲಿಲ್ಲ. ನನ್ನ ಮುಖ ನೋಡಿ ಧೈರ್ಯ ಕೊಡುವವರಂತೆ ನಕ್ಕರು.

"ಹೇಳಿದ್ದೆ, ಸಾಹೇಬರ," ಅಂದೆ ಮರಾಠಿಯಲ್ಲಿ.

ಶಾಲೆಗೆ ಒಂದು ತಾಕೀತು ಪತ್ರ ಬಂತು. ಮೇಡಂ ಅವರಿಗೆ ದೇಶ ಬಿಡುವ ಹುಕುಂ, ಮತ್ತೆ ಬರದ ಹಾಗೆ ಕಪ್ಪು ಯಾದಿಯಲ್ಲಿ ಹೆಸರು. ಪುರಾವೆ ಎಂದು ಸತ್ಕಾರದ ಫೋಟೊ ಲಗತ್ತಿಸಿದ್ದರು. ಅಧ್ಯಕ್ಷರು ಕಾಯದೆಗೆ ಹೆದರಿ ಫ್ಲೆಕ್ಸ್ ಮೇಲೆ 'ಟೀಚರ್' ಎಂಬುದರ ಮುಂದೆ 'ಮಾಜಿ' ಎಂದು ಕಾಗದ ಅಂಟಿಸಿದರು. ಹೊರಡುವ ದಿನ ಮೇಡಂ ಅವರಿಗೂ ಶಾಲು, ಕಾಯಿ, ಫೇಟಾ ಆಯಿತು.

ಬಸ್ ಸ್ಟ್ಯಾಂಡಿಗೆ ಬ್ಯಾಗು ಹೊತ್ತು ಬಂದವನು ನಾನು. ಫ್ಲೆಕ್ಸಿನ ಕೆಳಗೇ ನಿಂತೆವು. ಬಸ್ಸು ಬಂತು. ಮೇಡಂ ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ, ತಾವು ಕಲಿತ ಕನ್ನಡದಲ್ಲಿ ಕೇಳಿದರು. "ನಿಮಗ ಮದಲ ಗೊತ್ತಿತ್ತೇನ್ರಿ?"

ನಾನು, "ಎಸ್" ಅಂದೆ.

ಅವರು ಇಳಿಯಲೂ ಇಲ್ಲ, ಹತ್ತಲೂ ಇಲ್ಲ. "ಪೂರಾ ವಾಕ್ಯ ಹೇಳ್ರಿ," ಅಂದರು.

ಕಂಡಕ್ಟರ್ ಕಾಯುತ್ತಿದ್ದ. ಈ ಸಲ ಬಾಗಿಲಲ್ಲಿ ಅಧ್ಯಕ್ಷರು ನಿಂತಿರಲಿಲ್ಲ. "ಐ ನ್ಯೂ ಇಟ್ ಫ್ರಂ ದಿ ಫಸ್ಟ್ ಡೇ, ಮೇಡಂ, ಆಂಡ್ ಐ ಟೋಲ್ಡ್ ದೆಮ್ ದಟ್ ಐ ಹ್ಯಾಡ್ ಟೋಲ್ಡ್ ಯೂ" ಅಂದೆ.

ಮೇಡಂ ಪೂರಾ ಕೇಳಿಸಿಕೊಂಡರು. ಆಮೇಲೆ ಮಕ್ಕಳ ನೋಟ್‌ಬುಕ್ಕು ನೋಡಿ ಹೇಳುವ ಅದೇ ದನಿಯಲ್ಲಿ, "ಒಂದೂ ತಪ್ಪಿಲ್ಲ" ಅಂದು ಒಳಗೆ ಹೋದರು.