ಹೋಗ್ತೇನೆಂದು ಹೊಸ್ತಿಲಲ್ಲೇ ನಿಂತ ಬ್ರಿಟನ್ ಸಾಹೇಬರಿಗೆ

ಬೀದರ, 30 ಅಕ್ಟೋಬರ್ 2019

ಮಾನ್ಯ ಬ್ರಿಟನ್ ಸಾಹೇಬರೇ,

ತಮಗೂ, ತಮ್ಮ ಸಂಸತ್ತಿಗೂ, ತಾವು ಬಿಟ್ಟುಹೋಗಲಿರುವ ಯುರೋಪ್ ಒಕ್ಕೂಟದ ಇಪ್ಪತ್ತೇಳು ಮನೆಯವರಿಗೂ ನನ್ನ ಆದರದ ವಂದನೆಗಳು. ಹತ್ತು ತಿಂಗಳ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಾಗಿದ್ದರೆ ಮನ್ನಿಸಬೇಕು. ನಾನು ಬಿ.ಎ. ಪಾಸಾದವಳು, ತಮ್ಮ ಸಂಸತ್ತು ಜಗತ್ತಿನ ಸಂಸತ್ತುಗಳಿಗೆಲ್ಲ ತಾಯಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಈಗ ನಾನೂ ತಾಯಿ. ನಿದ್ದೆಗೆಟ್ಟ ತಾಯಿ ಹೇಗೆ ಕೂಗಾಡುತ್ತಾಳೆಂಬುದು ಅನುಭವದಿಂದ ಗೊತ್ತಾಗಿರುವುದರಿಂದ ಆ ಸಭೆಯ ಮೇಲೆ ನನಗೆ ಕೋಪವಿಲ್ಲ.

ನನ್ನ ವಿಷಯ ಚಿಕ್ಕದು. ಗಂಡ ಇಮ್ಮಾನುಯೇಲ ತಮ್ಮಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಗಳು ಹುಟ್ಟುವ ಮೊದಲೇ ಹೋದವರು, ಅವಳನ್ನು ಮೊಬೈಲಿನಲ್ಲಲ್ಲದೆ ಇನ್ನೆಲ್ಲೂ ಕಂಡಿಲ್ಲ. ನಮ್ಮ ಮೆಥಡಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನದ ದಿನ ಪಾಸ್ಟರು ಕೂಸಿನ ಹೆಸರೇನೆಂದು ಕೇಳುತ್ತಾರೆ, ತಂದೆ ಹೇಳುತ್ತಾನೆ. ಅಲ್ಲಿಯವರೆಗೆ ಆ ಹೆಸರನ್ನು ಯಾರೂ ಬಾಯಿಗೆ ತರಬಾರದೆಂಬುದು ನನ್ನ ಮಾವನವರ ಮನೆತನದ ಪದ್ಧತಿ. ಆದರೆ ತಮ್ಮಲ್ಲಿನ ಭಾಷಣಗಳನ್ನು ಕೇಳಿ ಯುರೋಪಿನ ನರ್ಸುಗಳು ಗಂಟುಮೂಟೆ ಕಟ್ಟಿದ್ದರಿಂದ, ತಾವು ಹೊರಬೀಳುವ ತನಕ ಯಾರಿಗೂ ದೊಡ್ಡ ರಜೆ ಇಲ್ಲವೆಂದು ಆ ಆಸ್ಪತ್ರೆಯವರು ತೀರ್ಮಾನಿಸಿದ್ದಾರೆ. ಹೀಗೆ ತಮ್ಮ ಬಿಡುಗಡೆಗೂ ನನ್ನ ಮಗಳ ಹೆಸರಿಗೂ ಗಂಟು ಬಿದ್ದಿದೆ. ತಮ್ಮ ಒಪ್ಪಂದ ಆರುನೂರು ಪುಟದ ಹತ್ತಿರ ಇದೆಯಂತೆ. ಅದರಲ್ಲಿ ಮೀನಿಗೆ ಜಾಗವಿದೆ, ನಮ್ಮ ಪಾಪುವಿಗೆ ಒಂದು ಸಾಲೂ ಇಲ್ಲ.

ಮಾವ ಸುಂದರರಾಜರು ಭಾಲ್ಕಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅವರ ಬಾಲ್ಯದಲ್ಲಿ ಮಿಶನ್ ಬಂಗಲೆಯ ಗಂಟೆ ಕೇಳಿ ಊರವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಆ ಮಿಶನರಿಗಳು ಅಮೆರಿಕದವರು, ತಾವು ಬೇರೆ ಎಂದು ನಾನು ಎಷ್ಟು ಹೇಳಿದರೂ ಅವರದು ಒಂದೇ ಮಾತು: "ದೊರೆಗಳು ತಾರೀಖ ಕೊಟ್ಟಾರಂದ್ರ ಮುಗೀತು ಬೇಟಾ." ತಾವು ಮಾರ್ಚ್ ಇಪ್ಪತ್ತೊಂಬತ್ತು ಎಂದಿರಿ, ಮಾವ ಏಪ್ರಿಲ್ ಏಳರ ಭಾನುವಾರಕ್ಕೆ ದೀಕ್ಷಾಸ್ನಾನದ ಕಾರ್ಡು ಅಚ್ಚು ಹಾಕಿಸಿ ಮನ್ನಳ್ಳಿ, ಬಗದಲ್‌ಗಳ ನೆಂಟರಿಗೆ ಹಂಚಿ ಬಂದರು. ತಾವು ಏಪ್ರಿಲ್ ಹನ್ನೆರಡು ಎಂದಿರಿ, ಅವರು ಈಸ್ಟರ್‌ಗೆ ಇನ್ನೊಂದು ಕಟ್ಟು ತಂದರು. ಅಕ್ಟೋಬರ್ ಮೂವತ್ತೊಂದು ಎಂದಿರಿ, ನವೆಂಬರ್ ಮೂರಕ್ಕೆ ಮತ್ತೊಂದು. ಮೊದಲ ಎರಡು ಕಟ್ಟುಗಳಲ್ಲಿ ಹಂಚದೆ ಉಳಿದವು ವ್ಯರ್ಥವಾಗಿಲ್ಲ. ಮಗಳು ಹಲ್ಲು ಬರುವಾಗ ಕಚ್ಚಿ ಮುಗಿಸಿದ್ದಾಳೆ.

ತಮ್ಮ ಚರ್ಚೆಯ ಉಪಕಾರವನ್ನೂ ಮರೆಯುವಂತಿಲ್ಲ. ಬೀದರ-ಔರಾದ ಬಸ್ಸಿನ ಕಂಡಕ್ಟರರಾಗಿದ್ದ ಪಕ್ಕದ ಮನೆಯ ಖಾಸಿಂ ಅಲಿ ಚಾಚಾ ದಿನಾ ನಮ್ಮ ಟಿ.ವಿ. ಮುಂದೆ ಕೂತು ತಮ್ಮ ಪರಿಸ್ಥಿತಿಯನ್ನು ವಿವರಿಸುತ್ತಾರೆ. "ಇಳೀತೇನಿ ಅಂತಾರ, ಕಿಟಕಿ ಸೀಟಿನ ಮ್ಯಾಲಿನ ಟವೆಲ್ ಮಾತ್ರ ತೆಗೀವಲ್ರು ನೋಡ್ರಿ," ಎನ್ನುತ್ತಾರೆ. ಮಾವನವರಿಗೆ ಸಿಟ್ಟು ಬರುತ್ತದೆ, ಮಗು ಎದ್ದು ಅಳುತ್ತದೆ, ಇಬ್ಬರು ಹಿರಿಯರೂ ನನ್ನ ಕಡೆ ತಿರುಗಿ ಕೂಸನ್ನು ಸುಮ್ಮನಿರಿಸಲು ಹೇಳುತ್ತಾರೆ.

ಬಿಟ್ಟುಹೋಗುವ ವಿದ್ಯೆ ತಮಗೆ ಬಾರದ್ದೇನೂ ಅಲ್ಲ. ಈ ಉಪಖಂಡವನ್ನು ಸೀಳುವ ಗೆರೆಯನ್ನು ಐದು ವಾರದಲ್ಲಿ ಎಳೆದು, ಯಾವ ಮನೆ ಯಾವ ಕಡೆ ಬಿತ್ತೆಂದು ಹಿಂತಿರುಗಿಯೂ ನೋಡದೆ ಹೊರಟವರು ತಾವು. ಪರರ ಅಂಗಳವಾದಾಗ ಇದ್ದ ಆ ಚುರುಕು ಸ್ವಂತದ ಅಂಗಳಕ್ಕೆ ಬಂದಾಗ ಎಲ್ಲಿ ಹೋಯಿತು? ಐವತ್ತಾರರ ನವೆಂಬರ್ ಒಂದರಂದು ನಮ್ಮವರೇ ನಮ್ಮ ಜಿಲ್ಲೆಯನ್ನು ಮೂರು ರಾಜ್ಯಕ್ಕೆ ಹಂಚಿದರು. ಸಂತಪುರದ ನನ್ನ ಅಜ್ಜಿಗೆ ಉದಗೀರದಲ್ಲಿದ್ದ ಅಕ್ಕ ಬೆಳಗಾಗುವುದರೊಳಗೆ ಬೇರೆ ರಾಜ್ಯದವಳಾದಳು. ಅಜ್ಜಿಯ ಮತವನ್ನು ಯಾರೂ ಕೇಳಲಿಲ್ಲ. ಅವಳು ರೊಟ್ಟಿ ಕಟ್ಟಿಕೊಂಡು ಅಕ್ಕನನ್ನು ನೋಡಿ ಬಂದಳು. ತಮಗೆ ಮೂರು ವರ್ಷ ಸಾಲದಾಗಿದೆ.

ಆದ್ದರಿಂದ ನನ್ನ ನಮ್ರ ಬಿನ್ನಹ ಇಷ್ಟೇ: ಮುಂದಿನ ಗಡುವನ್ನು ನಿಗದಿ ಮಾಡುವ ಮುನ್ನ ತಮ್ಮ ಪ್ರತಿನಿಧಿಗಳು ಬೀದರಕ್ಕೆ ಬಂದು ಒಂದು ವಾರ ನನ್ನ ಮಗಳನ್ನು ಮಲಗಿಸಲಿ. ಬಹುಮತದಿಂದ ಮಲಗಿಸಿದರೂ ಸರಿ, ಸರ್ವಾನುಮತದಿಂದಾದರೂ ಸರಿ.

ಮೊನ್ನೆ ತಮ್ಮ ಗಡುವು ಜನವರಿಗೆ ಹೋದ ಸುದ್ದಿ ಬಂದಾಗ ಮಾವನವರು ನಾಲ್ಕನೆಯ ಕಾರ್ಡಿಗೆಂದು ಕನ್ನಡಕ ಹುಡುಕತೊಡಗಿದರು. ಈ ಮೂರು ವರ್ಷದಲ್ಲಿ ತಮ್ಮ ಬಗ್ಗೆ ಒಂದೂ ಮಾತಾಡದಿದ್ದ ಅತ್ತೆ ಎಡಿತ ಅವರು ಅವರೆಕಾಯಿ ಸುಲಿಯುತ್ತಲೇ ಹೇಳಿದರು: "ಹೋಗೋರು ಹೋಗಲಿ, ಇರೋರು ಇರಲಿ. ಐತವಾರ ಕೂಸಿನ ಹೆಸರ ಹೆತ್ತಾಕಿ ಹೇಳ್ತಾಳ." ಮಾವ ಕನ್ನಡಕ ಹುಡುಕುವುದನ್ನು ಬಿಟ್ಟು ಅವರೆಕಾಯಿಗೆ ಕೈಹಾಕಿದರು. ಇಮ್ಮಾನುಯೇಲರಿಗೆ ಫೋನಿನಲ್ಲಿ ತಿಳಿಸಿದೆ. ಮಗಳ ಮುಖ ತೋರಿಸೆಂದರು. ಆಮೇಲೆ, "ಜೋರಾಗಿ ಹೇಳು, ಏಂಜಲಿನಾ. ಅವತ್ತು ನನಗ ಡ್ಯೂಟಿ ಅದ," ಎಂದರು.

ಜೋರಾಗಿಯೇ ಹೇಳುತ್ತೇನೆ. ಹೆಸರನ್ನು ಮಾತ್ರ ಈ ಪತ್ರದಲ್ಲಿ ಬರೆಯಲಾರೆ. ತಾವು ಅದರ ಮೇಲೂ ಮತ ಹಾಕಿಸೀರಿ ಎಂಬ ಭಯ.

ತಾವು ಯಾರ ಜೊತೆ ಇದ್ದರೂ, ಇಲ್ಲದಿದ್ದರೂ,
ತಮ್ಮ ವಿಶ್ವಾಸಿ,
ಏಂಜಲಿನಾ ಇಮ್ಮಾನುಯೇಲ

ತಾ.ಕ.: ಜನವರಿಯಲ್ಲಿ ನಿಜವಾಗಿಯೂ ಹೊರಟರೆ, ಸಾಮಾನು ಕಟ್ಟುವಾಗ ಒಮ್ಮೆ ನೋಡಿಕೊಳ್ಳಿ, ಅದರಲ್ಲಿ ಒಬ್ಬರು ನಮ್ಮವರು. ನಮ್ಮದನ್ನು ಮರಳಿಸದೆ ಹೋಗುವ ಹಳೆಯ ರೂಢಿ ತಮಗಿದೆಯೆಂದು ಕೇಳಿದ್ದೇನೆ.